ಕರಾರು ಪತ್ರ ಅವನ ಹೆಸರಲ್ಲೇ ಆಗಬೇಕು

"ನಿಮ್ಮ ಕಡೆ ಅರ್ಧ ಜನ ಉರ್ದು, ಇನ್ನರ್ಧ ತೆಲುಗು, ಮರಾಠಿ. ನೀವು ಕನ್ನಡದವರು ಹೇಗಾಗ್ತೀರಿ?" ಅಂತ ಕೇಳಿದೆಯಲ್ಲ. ಬಾಯಿಬಿಟ್ಟು ಕೇಳಿದ್ದೇ ಒಳ್ಳೇದಾಯ್ತು. ಮನಸ್ಸಲ್ಲೇ ಇಟ್ಟುಕೊಳ್ಳೋರೇ ಜಾಸ್ತಿ.

ನಮ್ಮ ಕಡೆ ಅಂದರೆ ಕಲಬುರಗಿ, ಬೀದರ್, ಯಾದಗಿರಿ. ಇವು 1948ರ ಸೆಪ್ಟೆಂಬರ್ ತನಕ ನಿಜಾಮರ ಕೈಯಲ್ಲಿದ್ದವು. ಕಚೇರಿ, ಕೋರ್ಟು ಎಲ್ಲ ಉರ್ದುವಿನಲ್ಲಿ. ನಮ್ಮಜ್ಜನ ಹೊಲದ ಹಳೇ ಕಾಗದ ಓದಿಸಲು ಇವತ್ತಿಗೂ ಉರ್ದು ಬಲ್ಲವರನ್ನೇ ಹುಡುಕಬೇಕು. ಆದರೆ ಅದೇ ಹೊಲದಲ್ಲಿ ಹಾಡಿದ ಹಾಡು ಕನ್ನಡದ್ದೇ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಾವೇನು ಕನ್ನಡ ಕಲಿತವರಲ್ಲ. ಔರಾದ್ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಸಂತೆಯಲ್ಲಿ ಎದುರಿಗಿದ್ದವರ ಭಾಷೆಗೆ ಹೊರಳುತ್ತೇವೆ, ಅಷ್ಟೇ. ಬೀದರಿನ ಹತ್ತಿರ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಉರುಸಿಗೆ ಆಳಂದ ತಾಲ್ಲೂಕಿನ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ನಮ್ಮ ಕಡೆ ಅದಕ್ಕೆ ಯಾರೂ ಹುಬ್ಬೇರಿಸಲ್ಲ.

ನಿಮ್ಮ ಬೆಂಗಳೂರಿನಲ್ಲಿ ನಮ್ಮನ್ನು ದಣಿಸಿರೋದು ಬಾಡಿಗೆ ಮನೆ. ನನ್ನ ಜೊತೆ ಇರೋ ಹುಡುಗ ಶಹಾಪುರದವನು, ಕನ್ನಡ ಮಾಧ್ಯಮದಲ್ಲೇ ಓದಿದವನು. ಫೋನಿನಲ್ಲಿ ಅವನ ಮಾತು ಕೇಳಿ ಓನರ್ ಖುಷಿಯಾಗ್ತಾರೆ. "ಬನ್ನಿ, ಸಂಜೆನೇ ನೋಡಿ" ಅಂತಾರೆ. ಕೊನೆಗೆ ಹೆಸರು ಕೇಳ್ತಾರೆ. ಹೆಸರು ಮುಸಲ್ಮಾನರದ್ದು ಅಂತ ಗೊತ್ತಾದ ಕೂಡಲೇ ಮನೆ ಬೇರೆಯವರಿಗೆ ಹೋಗಿರುತ್ತೆ. ಆಮೇಲೆ ನಾನು ಫೋನ್ ಮಾಡಿದರೆ ಅದೇ ಮನೆ ಇನ್ನೂ ಖಾಲಿ! ನನಗೆ ಬೇರೆ ಪ್ರಶ್ನೆ: ಮಟನ್ ತಿಂತೀರಾ, ಮಾತು ಯಾಕೆ ಹೀಗೆ ಒರಟು. ಬ್ರೋಕರ್ ಹೇಳೋ ಉಪಾಯ ಯಾವಾಗಲೂ ಒಂದೇ, "ಅಗ್ರಿಮೆಂಟ್ ನಿಮ್ಮ ಹೆಸರಲ್ಲಿ ಮಾಡಿಸಿ, ಅವರು ಸುಮ್ನೆ ಇರಲಿ." ಹುಟ್ಟಿದ ರಾಜ್ಯದಲ್ಲೇ ಅವನು ಹೆಸರು ಮುಚ್ಚಿಟ್ಟು ಯಾಕೆ ಬದುಕಬೇಕು?

ಅಂಗಡಿ, ಹೋಟೆಲು, ಬಾವಿ, ರಸ್ತೆಯಲ್ಲಿ ಜಾತಿ, ಧರ್ಮ ನೋಡಿ ಯಾರನ್ನೂ ತಡೆಯಬಾರದು ಅಂತ ಸಂವಿಧಾನದ 15ನೇ ವಿಧಿ ಹೇಳುತ್ತದೆ. ಬಾಡಿಗೆ ಮನೆಯ ಹೆಸರು ಅದರಲ್ಲಿಲ್ಲ. ಓನರುಗಳಿಗೆ ಅಷ್ಟು ಸಾಕು.

ನಮ್ಮೂರಲ್ಲಿ ಇದೆಲ್ಲ ಇಲ್ಲ ಅಂತ ಹೇಳಲ್ಲ. ಕಲಬುರಗಿಯಲ್ಲೂ ಮನೆ ಕೇಳಿದರೆ "ನೀವು ಯಾರ ಪೈಕಿ?" ಅಂತಾರೆ. ಉರುಸಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವರೇ ದಲಿತ ಹುಡುಗನಿಗೆ ಮನೆ ಕೊಡಲು ಹಿಂದೆಗೆಯುತ್ತಾರೆ. ಅದರ ವಿರುದ್ಧವೂ ನಾನು ಮಾತಾಡ್ತೀನಿ, ಮನೆಯಲ್ಲಿ ಜಗಳ ಆದರೂ ಸರಿ.

ನಿಮ್ಮ ಮನೆಯ ಮೇಲಿನ ಭಾಗ ಖಾಲಿಯಿದೆ ಅಂದಿದ್ದೆ, ಅಲ್ವಾ? ನಿಮ್ಮ ತಂದೆಯವರ ಹತ್ತಿರ ಮಾತಾಡು. ಅಡ್ವಾನ್ಸ್ ಅವರು ಹೇಳಿದಷ್ಟು ಕೊಡ್ತೀವಿ. ಆದರೆ ನನ್ನ ಜೊತೆಗಿರೋ ಶಹಾಪುರದ ಹುಡುಗನ ಹೆಸರನ್ನು ಮೊದಲೇ ಹೇಳು, ಕರಾರು ಪತ್ರವೂ ಅವನ ಹೆಸರಲ್ಲೇ ಆಗಬೇಕು.