ಓದುಗರ ಪ್ರಶ್ನೆ: ಮುಕ್ತ ತಂತ್ರಾಂಶ ಯೋಜನೆಗಳು ಹೊಸಬರನ್ನು ಕಾಯಿಸುವುದೇಕೆ?

ಪ್ರಶ್ನೆ: ನಾನು ಕೆಲವು ಕಾಲದಿಂದ, ಸ್ವಯಂಸೇವಕರು ಕಟ್ಟುವ ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್ ಯೋಜನೆಯಲ್ಲಿ ಚಿಕ್ಕದೊಂದು ಪ್ಯಾಕೇಜನ್ನು (ಇನ್‌ಸ್ಟಾಲ್ ಮಾಡಲು ಸಿದ್ಧಪಡಿಸಿದ ತಂತ್ರಾಂಶದ ಕಟ್ಟನ್ನು) ನೋಡಿಕೊಳ್ಳುತ್ತಿದ್ದೇನೆ. ಸದಸ್ಯನಾಗಬೇಕೆಂದರೆ ಗುರುತಿನ ಪರಿಶೀಲನೆ, ಪರವಾನಗಿಗಳ ಕುರಿತು ಉದ್ದುದ್ದ ಪ್ರಶ್ನೆಗಳು, ಅದರ ಮೇಲೊಂದು ವರದಿ, ಕೊನೆಗೆ ಇನ್ನೊಬ್ಬರ ಒಪ್ಪಿಗೆ ಎಲ್ಲವೂ ಬೇಕು. ಸಂಬಳವಿಲ್ಲದೆ ದುಡಿಯಲು ಬರುವವರಿಗೆ ಇಷ್ಟೊಂದು ಪರೀಕ್ಷೆ ಏಕೆ? ನಾವು ಕೆಲವು ಗೆಳೆಯರು ಕನ್ನಡದ ಪದಪರೀಕ್ಷಕವೊಂದನ್ನು ಕಟ್ಟುತ್ತಿದ್ದೇವೆ. ಹೊಸಬರನ್ನು ಸೇರಿಸಿಕೊಳ್ಳಲು ನಾವು ಯಾವ ಕ್ರಮ ಇಟ್ಟುಕೊಂಡರೆ ಒಳ್ಳೆಯದು?
— ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಆದರೆ ಸ್ವಯಂಸೇವಕರು ಪ್ರಶ್ನೆಗಳು ಕಠಿಣವಾಗಿವೆ ಎಂದು ಬಿಟ್ಟುಹೋಗುವುದಕ್ಕಿಂತ, ಬರೆದ ಉತ್ತರಕ್ಕೆ ಮರುಮಾತು ಬರದೆ ಬಿಟ್ಟುಹೋಗುವುದೇ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಪರೀಕ್ಷೆ ಮತ್ತು ಕಾಯುವಿಕೆ ಎಂಬ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡೋಣ.

ಡೆಬಿಯನ್‌ನಲ್ಲಿ ಅಪ್‌ಲೋಡ್ ಅಧಿಕಾರವುಳ್ಳ ಡೆವಲಪರ್ ಆದವರು ತಾವು ನೋಡಿಕೊಳ್ಳುವ ಪ್ಯಾಕೇಜನ್ನಷ್ಟೇ ಅಲ್ಲದೆ, ಎಲ್ಲ ಪ್ಯಾಕೇಜುಗಳನ್ನಿಟ್ಟ ಭಂಡಾರದಲ್ಲಿರುವ ಹೆಚ್ಚುಕಡಿಮೆ ಯಾವುದೇ ಪ್ಯಾಕೇಜಿನ ಹೊಸ ಆವೃತ್ತಿಯನ್ನು ತಮ್ಮ ಡಿಜಿಟಲ್ ಕೀಲಿಯಿಂದ ಸಹಿ ಮಾಡಿ ಕಳುಹಿಸಬಲ್ಲರು. ಪ್ಯಾಕೇಜುಗಳೊಳಗೆ ಇನ್‌ಸ್ಟಾಲ್ ಆಗುವಾಗ ತಾವಾಗಿಯೇ ನಡೆಯುವ ಸ್ಕ್ರಿಪ್ಟುಗಳಿರುತ್ತವೆ, ಮತ್ತು ಅವು ಬಳಕೆದಾರರ ಯಂತ್ರದಲ್ಲಿ ರೂಟ್ ಅಧಿಕಾರದೊಂದಿಗೆ, ಅಂದರೆ ಏನನ್ನು ಬೇಕಾದರೂ ಬದಲಿಸಬಲ್ಲ ಅಧಿಕಾರದೊಂದಿಗೆ, ನಡೆಯುತ್ತವೆ. ಅಂದರೆ, ಮುಖವನ್ನೇ ನೋಡದ ಒಬ್ಬ ವ್ಯಕ್ತಿಗೆ ಅಸಂಖ್ಯ ಕಂಪ್ಯೂಟರುಗಳ ಒಳಕೋಣೆಗೆ ಪ್ರವೇಶ ಕೊಟ್ಟಂತಾಗುತ್ತದೆ. ಗುರುತಿನ ಪರಿಶೀಲನೆ ಇರುವುದು ಈ ಕಾರಣಕ್ಕೆ. ಪರವಾನಗಿಯ ಪ್ರಶ್ನೆಗಳಿಗೂ ಇಂಥದೇ ಆಧಾರವಿದೆ: ಒಂದು ಫಾಂಟಿನ ಜೊತೆಗೆ ‘ವಾಣಿಜ್ಯೇತರ ಬಳಕೆಗೆ ಮಾತ್ರ’ ಎಂದು ಬರೆದಿದ್ದರೆ, ಅದು ಉಚಿತವಾಗಿಯೇ ಸಿಗುತ್ತಿದ್ದರೂ, 1997ರ ಡೆಬಿಯನ್ ಮುಕ್ತ ತಂತ್ರಾಂಶ ಮಾರ್ಗಸೂಚಿಯ ಪ್ರಕಾರ ಮುಖ್ಯ ಭಂಡಾರಕ್ಕೆ ಸೇರುವಂತಿಲ್ಲ. ಇದೇಕೆಂದು ತಿಳಿಯದವರು ಸದ್ಭಾವದಿಂದಲೇ ಯೋಜನೆಯನ್ನು ತೊಂದರೆಗೆ ಸಿಲುಕಿಸಬಹುದು.

ಇನ್ನು ಕಾಯುವಿಕೆ. 1999ರಲ್ಲಿ ಡೆಬಿಯನ್ ಹೊಸಬರ ಪ್ರವೇಶವನ್ನೇ ನಿಲ್ಲಿಸಿ, ಮರುವರ್ಷ ಹೊಸ ಕ್ರಮದೊಂದಿಗೆ ಮತ್ತೆ ತೆರೆಯಿತು. ಹಳೆಯ ಸದಸ್ಯರೊಬ್ಬರ ಶಿಫಾರಸು, ಪ್ರತಿ ಅರ್ಜಿಗೂ ಒಬ್ಬ ಅರ್ಜಿ ನಿರ್ವಾಹಕರು, ಅವರ ವರದಿ, ಆಮೇಲೆ ಖಾತೆ ವ್ಯವಸ್ಥಾಪಕರ ಒಪ್ಪಿಗೆ ಎಂಬ ಸಾಲು ರೂಪುಗೊಂಡದ್ದು ಆಗಲೇ. ಕ್ರಮವೇನೋ ಚೆನ್ನಾಗಿತ್ತು, ಆದರೆ ಅದನ್ನು ನಡೆಸುವವರೂ ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರೇ ಆದ್ದರಿಂದ ಅರ್ಜಿಗಳು ತಿಂಗಳುಗಟ್ಟಲೆ ಒಂದೇ ಹಂತದಲ್ಲಿ ನಿಲ್ಲತೊಡಗಿದವು. ಈ ಬಿಕ್ಕಟ್ಟನ್ನು ಸಡಿಲಿಸಿದ ಹೆಜ್ಜೆಗಳಲ್ಲಿ ನನಗೆ ಎಲ್ಲಕ್ಕಿಂತ ವಿವೇಕದ್ದಾಗಿ ಕಾಣುವುದು 2007ರಲ್ಲಿ ಸದಸ್ಯರು ಮತ ಹಾಕಿ ಒಪ್ಪಿಕೊಂಡ ‘ಡೆಬಿಯನ್ ಮೇಂಟೇನರ್’ ಎಂಬ ನಡುವಿನ ಸ್ಥಾನ. ಈ ಸ್ಥಾನದಲ್ಲಿರುವವರು ಗೊತ್ತುಪಡಿಸಿದ ಪ್ಯಾಕೇಜುಗಳನ್ನು ಮಾತ್ರ ತಾವೇ ಅಪ್‌ಲೋಡ್ ಮಾಡಬಹುದು. ಉಳಿದ ಭಂಡಾರವನ್ನು ಮುಟ್ಟುವಂತಿಲ್ಲ. ಪ್ರತಿ ಸಲವೂ ಬೇರೊಬ್ಬ ಡೆವಲಪರ್ ಪರಿಶೀಲಿಸಿ ಸಹಿ ಮಾಡಲೆಂದು ಕೈಕಟ್ಟಿ ಕೂರಬೇಕಾದ ಸ್ಥಿತಿ ಇದರಿಂದ ತಪ್ಪುತ್ತದೆ. ನಿಮ್ಮ ಪ್ಯಾಕೇಜಿನ ಮಟ್ಟಿಗೆ ನೀವು ಮೊದಲು ಹಿಡಿಯಬೇಕಾದ ದಾರಿಯೂ ಇದೇ. ಪೂರ್ಣ ಸದಸ್ಯತ್ವದ ಅರ್ಜಿಯನ್ನು ಆಮೇಲೆ ಹಾಕಿದರೆ, ಅಷ್ಟರಲ್ಲಿ ಮಾಡಿದ ಕೆಲಸವೇ ನಿಮ್ಮ ಪರವಾಗಿ ಮಾತನಾಡುತ್ತದೆ.

ಹಾಗೆಂದು ಬಾಗಿಲನ್ನು ಪೂರ್ತಿ ತೆರೆದಿಡಿ ಎಂದು ನಾನು ಹೇಳಲಾರೆ. 2024ರ ಮಾರ್ಚ್ ಕೊನೆಯಲ್ಲಿ ಬಯಲಾದ ಎಕ್ಸ್‌ಜೆಡ್ (ಕಡತಗಳನ್ನು ಕುಗ್ಗಿಸುವ ಮುಕ್ತ ತಂತ್ರಾಂಶ) ಪ್ರಕರಣ ನಿಮಗೆ ನೆನಪಿರಬಹುದು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಕಾಣಿಸಿಕೊಂಡವರು ಎರಡು ವರ್ಷಕ್ಕೂ ಹೆಚ್ಚು ಕಾಲ ಉಪಯುಕ್ತವಾದ ತಿದ್ದುಪಡಿಗಳನ್ನು ಕಳುಹಿಸಿ, ಒಬ್ಬರೇ ದುಡಿದು ದಣಿದಿದ್ದ ನಿರ್ವಾಹಕರ ವಿಶ್ವಾಸ ಗಳಿಸಿ, ಬಿಡುಗಡೆಯ ಅಧಿಕಾರ ಪಡೆದು, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲೊಂದನ್ನು (ಯಂತ್ರದೊಳಗೆ ಗುಟ್ಟಾಗಿ ನುಗ್ಗುವ ದಾರಿಯನ್ನು) ಅಡಗಿಸಿಟ್ಟರು. ಈ ನಡುವೆ ಬೇರೆ ಅಪರಿಚಿತ ಹೆಸರುಗಳಿಂದ ‘ಕೆಲಸ ನಿಧಾನವಾಗುತ್ತಿದೆ, ಇನ್ನೊಬ್ಬರಿಗೆ ವಹಿಸಿ’ ಎಂಬ ಒತ್ತಡದ ಪತ್ರಗಳೂ ಬಂದಿದ್ದವು. ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಪ್ರವೇಶಿಸುವ ವಿಧಾನ) ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುವುದನ್ನು ಗಮನಿಸಿ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಇದನ್ನು ಪತ್ತೆಹಚ್ಚಿದರು. ಕೆಲಸದ ಗುಣಮಟ್ಟವೊಂದನ್ನೇ ನೋಡಿ ಅಧಿಕಾರ ಕೊಡುವುದು ಎಷ್ಟು ಅಪಾಯಕರವೋ, ಆ ತೀರ್ಮಾನವನ್ನು ದಣಿದ ಒಬ್ಬರ ಹೆಗಲಿಗೆ ಬಿಡುವುದೂ ಅಷ್ಟೇ ಅಪಾಯಕರವೆಂದು ಈ ಪ್ರಕರಣದಿಂದ ನಾನು ತಿಳಿದಿದ್ದೇನೆ.

ನಿಮ್ಮ ಪದಪರೀಕ್ಷಕದ ವಿಷಯಕ್ಕೆ ಬರೋಣ. ಪದಗಳನ್ನು ಸೂಚಿಸುವವರಿಗೆ ಯಾವ ಪರೀಕ್ಷೆಯೂ ಬೇಡ. ಪದಪಟ್ಟಿಯನ್ನು ತಿದ್ದುವ ಅಧಿಕಾರವನ್ನು ಕೆಲವು ಒಳ್ಳೆಯ ತಿದ್ದುಪಡಿಗಳಾದ ಮೇಲೆ ಧಾರಾಳವಾಗಿ ಕೊಡಿ, ಏಕೆಂದರೆ ಅಲ್ಲಿ ತಪ್ಪಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ಬಿಡುಗಡೆಯ ಕೀಲಿಯನ್ನು ಮಾತ್ರ ಕನಿಷ್ಠ ಇಬ್ಬರು ಒಪ್ಪಿದ ಮೇಲೆಯೇ ಕೊಡಬೇಕು. ಪ್ರತಿಯೊಬ್ಬ ಹೊಸಬರಿಗೂ ತಪ್ಪದೆ ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಪದಗಳನ್ನು ಎಲ್ಲಿಂದ ತಂದಿರಿ? ಹಕ್ಕುಸ್ವಾಮ್ಯವಿರುವ ನಿಘಂಟಿನಿಂದ ಯಾರೋ ಉತ್ಸಾಹದಲ್ಲಿ ಸಾವಿರಾರು ನಮೂದುಗಳನ್ನು ನಕಲು ಮಾಡಿ ಸೇರಿಸಿಬಿಟ್ಟರೆ, ಆಮೇಲೆ ಅವನ್ನು ಹೆಕ್ಕಿ ತೆಗೆಯುವುದು ಪ್ರಯಾಸದ ಕೆಲಸ.

ಅರ್ಜಿ ಬಂದ ಒಂದು ವಾರದೊಳಗೆ, ‘ಇನ್ನೂ ನೋಡಿಲ್ಲ’ ಎಂದಾದರೂ ಸರಿ, ಉತ್ತರ ಬರೆಯುವ ಹೊಣೆಯನ್ನು ನಿಮ್ಮಲ್ಲೊಬ್ಬರ ಹೆಸರಿಗೆ ಗೊತ್ತುಮಾಡಿ, ಅವರಿಗೆ ಬಿಡುವಿಲ್ಲದಾಗ ನಾಚಿಕೆಯಿಲ್ಲದೆ ಇನ್ನೊಬ್ಬರಿಗೆ ದಾಟಿಸಲು ಅವಕಾಶವಿರಲಿ. ಸದ್ಯಕ್ಕೆ ಆಗದು ಎಂದಾದರೆ ಕಾರಣವನ್ನೂ, ಏನು ಮಾಡಿದರೆ ಆದೀತೆಂಬುದನ್ನೂ ಬರೆದು ತಿಳಿಸಿ. ಅಪಾಚೆ ಪ್ರತಿಷ್ಠಾನದ ಮುಕ್ತ ತಂತ್ರಾಂಶ ಯೋಜನೆಗಳಲ್ಲಿರುವಂತೆ, ಚೆನ್ನಾಗಿ ದುಡಿಯುವವರನ್ನು ಅವರು ಕೇಳದೆಯೇ ಗುರುತಿಸಿ ಆಹ್ವಾನಿಸುವುದೂ ಒಳ್ಳೆಯದು. ಸಂಕೋಚದವರು ತಾವಾಗಿ ಅರ್ಜಿ ಹಾಕುವುದು ಕಡಿಮೆ. ಆದರೆ ಅದೊಂದೇ ದಾರಿಯಾದರೆ ಕಣ್ಣಿಗೆ ಬೀಳದವರು ಹೊರಗೇ ಉಳಿಯುತ್ತಾರೆ. ಹಾಗೆಯೇ, ಬಹುಕಾಲ ಕಾಣಿಸಿಕೊಳ್ಳದವರಿಂದ ಕೀಲಿಯನ್ನು ಗೌರವದಿಂದ ಹಿಂಪಡೆದು, ಅವರು ಮರಳಿ ಬಂದಾಗ ಸುಲಭವಾಗಿ ಸೇರಿಸಿಕೊಳ್ಳುವ ನಿಯಮವನ್ನು ಈಗಲೇ ಬರೆದಿಡಿ.

ಪ್ರಶ್ನೆ: ನನಗೆ ಪ್ರೋಗ್ರಾಮಿಂಗ್ ಬಾರದು. ಅನುವಾದ ಮತ್ತು ಕೈಪಿಡಿ ಬರೆಯುವ ಕೆಲಸ ಮಾತ್ರ ಮಾಡುತ್ತೇನೆ. ಇಂಥ ಯೋಜನೆಗಳಲ್ಲಿ ನನ್ನಂಥವರಿಗೆ ಸದಸ್ಯತ್ವ ಸಿಗುತ್ತದೆಯೇ?
— ಓದುಗರು, ಮೈಸೂರು

ಉತ್ತರ: ಡೆಬಿಯನ್‌ನಲ್ಲಿ ಖಂಡಿತವಾಗಿ ಸಿಗುತ್ತದೆ. ಪ್ಯಾಕೇಜ್ ಕೆಲಸ ಮಾಡದವರನ್ನೂ ಪೂರ್ಣ ಸದಸ್ಯರನ್ನಾಗಿ ಬರಮಾಡಿಕೊಳ್ಳಬೇಕೆಂದು 2010ರಲ್ಲಿ ಸದಸ್ಯರೇ ಮತದಾನದಿಂದ ನಿರ್ಧರಿಸಿದರು. ಇಂಥವರಿಗೆ ಅಪ್‌ಲೋಡ್ ಅಧಿಕಾರವಿರುವುದಿಲ್ಲ, ಆದರೆ ಪ್ರತಿವರ್ಷ ನಡೆಯುವ ಯೋಜನಾ ನಾಯಕರ ಚುನಾವಣೆಯಲ್ಲಿ ಉಳಿದವರಂತೆಯೇ ಮತ ಹಾಕುವ ಹಕ್ಕಿರುತ್ತದೆ. ನಿಮ್ಮ ಅನುವಾದಗಳನ್ನು ನೋಡಿ ಬಲ್ಲ ಸದಸ್ಯರೊಬ್ಬರನ್ನು ಶಿಫಾರಸಿಗಾಗಿ ಕೇಳಿ, ಇದುವರೆಗೆ ಮಾಡಿದ ಕೆಲಸದ ಕೊಂಡಿಗಳನ್ನು ಒಂದೆಡೆ ಸೇರಿಸಿಟ್ಟುಕೊಂಡು ಅರ್ಜಿ ಹಾಕಿ.