ಲಿಯೋನ್‌ನಲ್ಲಿ ಮೂರು ದಿನ: ನೇಕಾರರ ಗುಡ್ಡದಿಂದ ಆರಂಭಿಸಿ

ಫ್ರಾನ್ಸಿನ ಲಿಯೋನ್ ನಗರದಲ್ಲಿ ಸಿಗುವ ಮೂರು ದಿನಗಳನ್ನು ಜನಜಂಗುಳಿಯಿಂದ ದೂರವಿದ್ದು, ಊರಿನ ಸಂಸ್ಕೃತಿಯನ್ನು ಅರಿಯಲು ಹೇಗೆ ಬಳಸಬಹುದೆಂದು ನೀವು ಕೇಳಿದ್ದೀರಿ. ಓದಿಗಾಗಿ ಅಲ್ಲಿ ಎರಡು ವರ್ಷ ಇದ್ದ ನಾನು ಹೇಳುವುದಾದರೆ, ಸೋನ್ ನದಿಯ ದಡದ ಹಳೆಯ ಪೇಟೆಗೆ ಹೋಗುವ ಮೊದಲು ಕ್ರುವಾ-ರೂಸ್ ಗುಡ್ಡವನ್ನು ಹತ್ತಿ. ಎದುರಿನ ಫೂರ್ವಿಯೇರ್ ಪ್ರಾರ್ಥಿಸುವ ಗುಡ್ಡ, ಇದು ದುಡಿಯುವ ಗುಡ್ಡ ಎಂಬುದು ಅಲ್ಲಿನವರ ವಾಡಿಕೆಯ ಮಾತು.

ಇಲ್ಲಿ ದುಡಿದವರು ರೇಷ್ಮೆ ನೇಕಾರರು. ಮನೆಗಳ ಕಿಟಕಿಗಳು ಅಷ್ಟು ಉದ್ದವಾಗಿಯೂ ಮಾಳಿಗೆಗಳು ಸುಮಾರು 4 ಮೀಟರ್ ಎತ್ತರವಾಗಿಯೂ ಇರುವುದಕ್ಕೆ ಕಾರಣ ಸಿರಿವಂತಿಕೆಯಲ್ಲ. ಜಕಾರ್ಡ್ ಮಗ್ಗವನ್ನು ನಿಲ್ಲಿಸಲು ಅಷ್ಟು ಜಾಗ ಬೇಕಾಗಿತ್ತು. ಇದೇ ಊರಿನಲ್ಲಿ 1752ರಲ್ಲಿ ಹುಟ್ಟಿದ ಜೋಸೆಫ್ ಮಾರಿ ಜಕಾರ್ಡ್, ಹೊಕ್ಕಿನ ಅಡ್ಡ ಎಳೆ ಹಾಯುವಾಗಲೆಲ್ಲ ಹಾಸಿನ ಉದ್ದ ಎಳೆಗಳಲ್ಲಿ ಯಾವುವು ಮೇಲೇಳಬೇಕೆಂಬುದನ್ನು ರಟ್ಟಿನ ತೂತುಗಳೇ ನಿರ್ಧರಿಸುವಂತೆ ಮಾಡಿದನು. ನಮ್ಮ ದೊಡ್ಡಬಳ್ಳಾಪುರದಲ್ಲಿ ಸೀರೆಯ ಸೆರಗು, ಬುಟ್ಟಾಗಳನ್ನು ನೇಯುವವರ ಬಾಯಲ್ಲಿ ದಿನವೂ ಓಡಾಡುವ ಜಕಾರ್ಡ್ ಎಂಬ ಪದ ಒಬ್ಬ ಮನುಷ್ಯನ ಹೆಸರೆಂದು ನನಗೆ ತಿಳಿದದ್ದು, ನಾಚಿಕೆಯಿಂದಲೇ ಹೇಳುತ್ತೇನೆ, ಆ ಗುಡ್ಡದ ಚೌಕದಲ್ಲಿರುವ ಅವನ ಪ್ರತಿಮೆಯ ಮುಂದೆ. ಅಲ್ಲಿಗೆ ಹತ್ತಿರದ ಮೆಜೋಂ ದೆ ಕಾನ್ಯು ಎಂಬ ರೇಷ್ಮೆ ನೇಕಾರರ ಸಂಗ್ರಹಾಲಯದಲ್ಲಿ ಕೈಮಗ್ಗವನ್ನು ನಡೆಸಿ ತೋರಿಸುತ್ತಾರೆ. ನಂತರ ಕೂರ್ ದೆ ವೊರಾಸ್ ಎಂಬ ಅಂಗಳದ ದೊಡ್ಡ ಕಲ್ಲಿನ ಮೆಟ್ಟಿಲಸಾಲನ್ನು ನೋಡಿ. ಒಪ್ಪಿಕೊಂಡ ಕನಿಷ್ಠ ಕೂಲಿದರವನ್ನು ವರ್ತಕರು ಕೊಡಲಿಲ್ಲವೆಂದು 1831ರಲ್ಲಿ ಈ ಗುಡ್ಡದ ನೇಕಾರರು ದಂಗೆಯೆದ್ದು, ದುಡಿಯುತ್ತ ಬದುಕುವೆವು ಇಲ್ಲವೇ ಹೋರಾಡುತ್ತ ಸಾಯುವೆವು ಎಂದು ಬರೆದ ಬಾವುಟ ಹಿಡಿದು ಕೆಳಗಿನ ಪೇಟೆಗೆ ಇಳಿದಿದ್ದರು.

ಒಂದು ಬೀದಿಯಿಂದ ಇನ್ನೊಂದಕ್ಕೆ ಮನೆಗಳ ಒಳಗಿನಿಂದಲೇ ಹಾಯುವ ಓಣಿಗಳಿಗೆ ಅಲ್ಲಿ ತ್ರಾಬೂಲ್ ಎನ್ನುತ್ತಾರೆ. ಹಳೆಯ ಪೇಟೆಯಲ್ಲಿ ಸೇಂಟ್ ಜಾನ್ ಬೀದಿಯ 54ನೆಯ ಸಂಖ್ಯೆಯ ಬಾಗಿಲಿನಿಂದ ಒಳಹೊಕ್ಕರೆ, ಹಲವು ಅಂಗಳಗಳನ್ನು ದಾಟಿ ಬಫ್ ಬೀದಿಯ 27ರಲ್ಲಿ ಹೊರಬರುತ್ತೀರಿ. ಬೆಳಿಗ್ಗೆ ಬೇಗ ಹೋಗಿ, ಮೆಲುದನಿಯಲ್ಲಿ ಮಾತನಾಡಿ. ಗೋಡೆಯಾಚೆ ಸಂಸಾರಗಳು ವಾಸಿಸುತ್ತಿವೆ.

ಫೂರ್ವಿಯೇರ್‌ನಲ್ಲಿ ಬೆಸಿಲಿಕಾ ಎಂಬ ದೊಡ್ಡ ಚರ್ಚಿನ ಮುಂದೆ ಸಾಲು ನಿಲ್ಲುವುದಕ್ಕಿಂತ, ಸ್ವಲ್ಪ ಕೆಳಗಿರುವ ರೋಮನ್ ರಂಗಮಂದಿರದ ಕಲ್ಲುಮೆಟ್ಟಿಲುಗಳ ಮೇಲೆ ಕೂರುವುದು ನನಗೆ ಹೆಚ್ಚು ಇಷ್ಟ. ತೆರ್ರೋ ಚೌಕದ ಲಲಿತಕಲಾ ಸಂಗ್ರಹಾಲಯಕ್ಕೆ ಮಂಗಳವಾರ ರಜೆ. ಅದು ಹಿಂದೆ ಸನ್ಯಾಸಿನಿಯರ ಮಠವಾಗಿತ್ತು. ಅದರ ಒಳಾಂಗಣದ ತೋಟಕ್ಕೆ ಟಿಕೆಟ್ ಬೇಕಿಲ್ಲ, ಬುತ್ತಿ ಬಿಚ್ಚಿ ಊಟ ಮಾಡಲು ಪೇಟೆಯ ನಡುವೆ ಅಷ್ಟು ನಿಶ್ಶಬ್ದವಾದ ಜಾಗವನ್ನು ನಾನು ಬೇರೆ ಕಂಡಿಲ್ಲ.

ಉಳಿದ ಅರ್ಧ ದಿನಕ್ಕೆ ಮೆಟ್ರೋ ಹಿಡಿದು ಮೊಂಪ್ಲೆಸೀರ್ ಬಡಾವಣೆಗೆ ಹೋಗಿ. ಸಿನಿಮಾದ ಆದ್ಯರಲ್ಲಿ ಸೇರಿದ ಲುಮಿಯೇರ್ ಸಹೋದರರು 1895ರಲ್ಲಿ, ಕೆಲಸ ಮುಗಿಸಿ ಹೊರಬರುವ ತಮ್ಮ ಕಾರ್ಖಾನೆಯ ಕೆಲಸಗಾರರನ್ನು ಚಿತ್ರೀಕರಿಸಿದ್ದು ಅಲ್ಲಿಯೇ. ಮರುವರ್ಷ ಜುಲೈಯಲ್ಲಿ ಮುಂಬಯಿಯ ವ್ಯಾಟ್ಸನ್ ಹೋಟೆಲಿನಲ್ಲಿ ನಮ್ಮ ದೇಶದವರು ಮೊದಲು ಕಂಡ ಚಲನಚಿತ್ರಗಳೂ ಆ ಸಹೋದರರವೇ.