ಹಳ್ಳಿ ಆಸ್ಪತ್ರೆಯ ಡಾಕ್ಟರು ಆನ್‌ಲೈನ್‌ನಲ್ಲಿ ಬೇಕಾದ ವೈದ್ಯಕೀಯ ಮಾಹಿತಿಯನ್ನು ಬೇಗ ಹುಡುಕುವುದು ಹೇಗೆ?

ತೀರ್ಥಹಳ್ಳಿ ಕಡೆಯ ಒಂದು ಆಸ್ಪತ್ರೆ ಅಂದುಕೊಳ್ಳಿ. ಫೆಬ್ರವರಿ ತಿಂಗಳು. ದರಗು ತರಲು ಕಾಡಿಗೆ ಹೋಗಿದ್ದವರಿಗೆ ಮೂರು ದಿನದಿಂದ ಜೋರು ಜ್ವರ. ಮಂಗನ ಕಾಯಿಲೆ ಇರಬಹುದಾ?

ಗೂಗಲ್‌ನಲ್ಲಿ ಸುಮ್ನೆ ‘ಮಂಕಿ ಫೀವರ್’ ಅಂತ ಹೊಡೆದರೆ ಸುದ್ದಿಗಳೇ ಜಾಸ್ತಿ ಬರುತ್ತವೆ. ಅದರ ಬದಲು ವೈದ್ಯಕೀಯ ಲೇಖನಗಳನ್ನು ಹುಡುಕುವ ತಾಣವಾದ ಪಬ್‌ಮೆಡ್‌ಗೆ ಹೋಗಿ, ಮಂಗನ ಕಾಯಿಲೆಯ ವೈದ್ಯಕೀಯ ಹೆಸರನ್ನು ಇಂಗ್ಲಿಷಿನಲ್ಲಿ ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’ (ಕೆಎಫ್‌ಡಿ) ಅಂತ ಕೊಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಅಲ್ವಾ, ಪಬ್‌ಮೆಡ್‌ನಲ್ಲಿ ಲೇಖನಗಳನ್ನು ವಿಷಯವಾರು ವಿಂಗಡಿಸಲು ಬಳಸುವ ಅಮೆರಿಕದವರ ಪದಪಟ್ಟಿಯಲ್ಲೂ ನಮ್ಮ ಕಾಡಿನ ಹೆಸರೇ ಇದೆ! ಆ ಪಟ್ಟಿಗೆ ‘ಮೆಶ್’ ಅನ್ನುತ್ತಾರೆ. ಬರೆದವರು ಕೆಎಫ್‌ಡಿ ಅಂದಿರಲಿ, ಮಂಕಿ ಫೀವರ್ ಅಂದಿರಲಿ, ಲೇಖನಗಳು ಆ ಒಂದೇ ಪದದಡಿ ಸೇರಿರುತ್ತವೆ. ತೀರಾ ಹೊಸ ಲೇಖನಕ್ಕೆ ಮೆಶ್ ಪದ ಇನ್ನೂ ಹಚ್ಚಿರದೆ ಇರಬಹುದು. ಹಾಗಾಗಿ ಮಾಮೂಲಿ ಪದಗಳಲ್ಲೂ ಒಮ್ಮೆ ಹುಡುಕಿ.

ಬರೀ ಕಾಯಿಲೆಯ ಹೆಸರು ಸಾಲದು, ನಿಮ್ಮ ಪ್ರಶ್ನೆಯನ್ನೂ ಸೇರಿಸಿ. ಮೂರನೇ ದಿನಕ್ಕೆ ಯಾವ ಟೆಸ್ಟ್ ಅನ್ನುವುದು ಪ್ರಶ್ನೆಯಾದರೆ ‘ಆರ್‌ಟಿ-ಪಿಸಿಆರ್’ (ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಟೆಸ್ಟ್), ‘ಐಜಿಎಂ ಎಲೈಸಾ’ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಹುಡುಕುವ ಟೆಸ್ಟ್) ಪದಗಳನ್ನು ಜೊತೆಗೆ ಹಾಕಿ. ಶುರುವಿನ ದಿನಗಳಲ್ಲಿ ಪಿಸಿಆರ್, ಆಮೇಲೆ ಎಲೈಸಾ ಯಾಕೆ ಅನ್ನುವುದು ಆಗ ಕಣ್ಣಿಗೆ ಬೀಳುತ್ತದೆ.

‘ಫ್ರೀ ಫುಲ್ ಟೆಕ್ಸ್ಟ್’ ಆಯ್ಕೆ ಒತ್ತಿದರೆ ದುಡ್ಡು ಕೇಳುವ ಲೇಖನಗಳು ಪಟ್ಟಿಯಿಂದ ಹೋಗುತ್ತವೆ. ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗುವುದು ಮಾತ್ರ ನಿಮ್ಮ ಅದೃಷ್ಟ.